ಚಂದ್ರಿಗೆ ದ್ವಂದ್ವ ಇರಲಿಲ್ಲವೇ?

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಕೊಳೆಯುತ್ತಿತ್ತು. ಶಿವಮೊಗ್ಗೆಯಿಂದ ಜ್ವರ ಹೊತ್ತುಕೊಂಡು ಬಂದು ಸತ್ತವನು. ಹೆಣ ಎತ್ತುವ ತನಕ ಯಾರ ಮನೆಯಲ್ಲೂ ಊಟ ಮಾಡುವಂತಿಲ್ಲ, ಎತ್ತುವುದಕ್ಕೆ ಯಾರೂ ಮುಂದೆ ಬರುವುದಿಲ್ಲ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ತಿರುವಿದರು, ಉತ್ತರ ಸಿಗಲಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳಿದರು, ದೇವರು ಬಲಗಡೆಯ ಹೂವನ್ನೂ ಕೊಡಲಿಲ್ಲ, ಎಡಗಡೆಯದನ್ನೂ ಕೊಡಲಿಲ್ಲ. ಆ ರಾತ್ರಿ ಆ ಊರಿನಲ್ಲಿ ತೀರ್ಮಾನ ಅಂತ ಒಂದನ್ನು ಮಾಡಿದವಳು ಚಂದ್ರಿ. ನಾರಣಪ್ಪನ ಜೊತೆ ಬಾಳಿದವಳು, ಅಗ್ರಹಾರ ಸೂಳೆ ಎಂದು ಕರೆದ ಹೆಂಗಸು.

ಅವಳು ಮಾಡಿದ್ದನ್ನು ಒಂದೊಂದಾಗಿ ನೋಡಿ. ಮೊದಲು ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಟ್ಟಳು, ಸಂಸ್ಕಾರದ ಖರ್ಚಿಗೆ ಆಗಲಿ ಅಂತ. ಚಿನ್ನ ಕಂಡದ್ದೇ ತಡ, ಹೆಣ ಮುಟ್ಟುವುದಿಲ್ಲ ಎಂದಿದ್ದವರ ಮನಸ್ಸು ತಿರುಗಿತು. ಕಾಡಿನಲ್ಲಿ ಆಚಾರ್ಯರ ಜೊತೆ ನಡೆದದ್ದು ನಡೆದ ಮೇಲೆ, ನಾಳೆ ನನಗೆ ಧೈರ್ಯ ಬರದಿದ್ದರೆ ನೀನೇ ಎಲ್ಲರೆದುರು ಹೇಳು ಎಂದು ಆಚಾರ್ಯರು ಆ ಭಾರವನ್ನೂ ಅವಳ ತಲೆಗೇ ಹೊರಿಸಿದರು. ಅವಳು ಹೇಳಲಿಲ್ಲ. ಮನೆಗೆ ಬಂದು ಹೆಣ ನೋಡಿದಳು. ಗಾಡಿಯ ಶೇಷಪ್ಪನ ಹತ್ತಿರ ಹೋದಳು, ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರಿದ. ಸಾಬರ ಕೇರಿಗೆ ಹೋದಳು. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ, ಒಂದು ಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪನಿಂದ ಸಾಲ ಪಡೆದಿದ್ದವನು, ಗಾಡಿ ಕಟ್ಟಿಕೊಂಡು ಬಂದ, ಸೌದೆ ತಂದ. ಇಬ್ಬರೂ ಸೇರಿ ಕತ್ತಲಲ್ಲಿ ಹೆಣ ಸುಟ್ಟರು. ಚಂದ್ರಿ ಬಟ್ಟೆ ಕಟ್ಟಿಕೊಂಡು ಕುಂದಾಪುರದ ದಾರಿ ಹಿಡಿದಳು. ಇತ್ತ ಅಗ್ರಹಾರದವರು, ಆಗಲೇ ಬೂದಿಯಾದ ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕೆಂದು ಕೇಳುವುದಕ್ಕೆ ಊರೂರು ತಿರುಗಿ ಮಠದ ತನಕ ಹೋದರು.

ಅನಂತಮೂರ್ತಿಯವರ 'ಸಂಸ್ಕಾರ' ಬಂದದ್ದು 1965ರಲ್ಲಿ. ಅಂದಿನಿಂದ ನಮ್ಮ ವಿಮರ್ಶೆ ಪ್ರಾಣೇಶಾಚಾರ್ಯರ ದ್ವಂದ್ವ, ಪ್ರಾಣೇಶಾಚಾರ್ಯರ ಬಿಕ್ಕಟ್ಟು, ಪ್ರಾಣೇಶಾಚಾರ್ಯರ ಅಸ್ತಿತ್ವದ ಪ್ರಶ್ನೆ ಎಂದು ಬರೆಯುತ್ತಲೇ ಇದೆ. ಕಮೂ ಬಂದ, ಸಾರ್ತ್ರ್ ಬಂದ. ಆಚಾರ್ಯರು ಜಾತ್ರೆಯಲ್ಲಿ ಕಾಫಿ ಕುಡಿದದ್ದಕ್ಕೂ ಪುಟಗಟ್ಟಲೆ ವ್ಯಾಖ್ಯಾನ ಬಂತು. ಚಂದ್ರಿಯ ಬಗ್ಗೆ ಬರೆದವರು ಏನು ಬರೆದರು? ಅವಳು ಪ್ರಕೃತಿ, ಅವಳು ಫಲವತ್ತತೆ, ಅವಳು ಜೀವನಪ್ರೀತಿ. ಮರದ ಬಗ್ಗೆ, ಹೊಳೆಯ ಬಗ್ಗೆ ಬರೆಯುವ ಮಾತುಗಳನ್ನು ಒಬ್ಬ ಹೆಂಗಸಿನ ಬಗ್ಗೆ ಬರೆದರು. ಅವಳು ಯೋಚನೆ ಮಾಡಿದಳು ಎಂದು ಬರೆಯಲು ಯಾರಿಗೂ ಕೈ ಬರಲಿಲ್ಲ. ಸತ್ತವನ ಋಣ ಒಂದು ಕಡೆ, ಆಚಾರ್ಯರ ಮಾನ ಇನ್ನೊಂದು ಕಡೆ, ಪರಜಾತಿಯವನಿಂದ ಸುಡಿಸಿದ್ದು ಗೊತ್ತಾದರೆ ತನ್ನ ಗತಿಯೇನು ಎಂಬ ಭಯ ಮತ್ತೊಂದು ಕಡೆ. ಇಷ್ಟನ್ನೂ ತೂಗಿ ನೋಡಿ ಬೆಳಕು ಹರಿಯುವುದರೊಳಗೆ ಕೆಲಸ ಮುಗಿಸಿದವಳಿಗೆ ದ್ವಂದ್ವ ಇರಲಿಲ್ಲವೇ? ಇತ್ತು. ಅದಕ್ಕೆ ಸಂಸ್ಕೃತದ ಶ್ಲೋಕ ಇರಲಿಲ್ಲ ಅಷ್ಟೇ.

ನನ್ನ ಸಿಟ್ಟು ಇರುವುದು ಇಲ್ಲಿ. ಈ ದೇಶದ ಕಾದಂಬರಿಗಳಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ಎದೆ ಬಗೆದುಕೊಂಡವರು ಬಹಳ ಮಂದಿ ಕೂಲಿಯವರು, ಹೊಲೆಯರು, ಚಮ್ಮಾರರು, ಗಂಡ ಬಿಟ್ಟವರು, ಬಂಜೆ ಎನಿಸಿಕೊಂಡವರು. ಆದರೆ ನೈತಿಕ ಆಯ್ಕೆ ಎಂಬ ಮರ್ಯಾದೆಯನ್ನು ನಮ್ಮ ಓದು ಓದಿಕೊಂಡವರಿಗೆ ಮಾತ್ರ ಕೊಟ್ಟಿದೆ. ಮೇಲಿನವನು ತಡವರಿಸಿದರೆ ಅದು ಚಿಂತನೆ. ಕೆಳಗಿನವನು ತಡವರಿಸಿದರೆ ಅಸಹಾಯಕತೆ. ಅವನು ನಿರ್ಧಾರ ತೆಗೆದುಕೊಂಡರೆ ಹಸಿವು, ತೆಗೆದುಕೊಳ್ಳದಿದ್ದರೆ ಮುಗ್ಧತೆ. ಇದು ಓದಿನ ಜಾತಿ ಪದ್ಧತಿ. ತಪ್ಪು ಓದುಗರದ್ದು ಮಾತ್ರವೂ ಅಲ್ಲ. 'ಸಂಸ್ಕಾರ'ದಲ್ಲೇ ಹೊಲೆಯರ ಬೆಳ್ಳಿಯ ಅಪ್ಪ ಅವ್ವ ಅದೇ ಜ್ವರಕ್ಕೆ ಸಾಯುತ್ತಾರೆ, ಹೆಣಗಳ ಜೊತೆಗೆ ಗುಡಿಸಲು ಸುಡುತ್ತಾರೆ. ನಾರಣಪ್ಪನ ಒಂದು ಹೆಣ ಇಡೀ ಕಾದಂಬರಿಯನ್ನು ಹೊತ್ತು ನಿಂತಿದೆ. ಆ ಹೆಣಗಳಿಗೆ ಸಿಕ್ಕಿದ್ದು ಕೆಲವೇ ಸಾಲು.

ಅದೇ 1965ರಲ್ಲಿ ಭೈರಪ್ಪನವರ 'ವಂಶವೃಕ್ಷ' ಬಂತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಸೊಸೆ ಕಾತ್ಯಾಯಿನಿ, ಗಂಡ ಕಪಿಲೆಯ ಪಾಲಾದ ಮೇಲೆ ಕಾಲೇಜಿಗೆ ಹೋದಳು, ತಾನೇ ಮೆಚ್ಚಿ ಇನ್ನೊಂದು ಮದುವೆಯಾದಳು, ಹೆತ್ತ ಮಗನನ್ನು ಮಾವನ ಮನೆಯಲ್ಲೇ ಬಿಟ್ಟು ನಡೆದಳು. ಈ ದೇಶದಲ್ಲಿ ಒಬ್ಬ ವಿಧವೆ ಇದಕ್ಕಿಂತ ಕಷ್ಟದ ತೀರ್ಮಾನ ಮಾಡಲಾರಳು. ಕಾದಂಬರಿ ಅವಳಿಗೆ ಕೊಟ್ಟದ್ದೇನು? ಗರ್ಭಪಾತದ ಮೇಲೆ ಗರ್ಭಪಾತ, ಕೊನೆಗೆ ಸಾವು. ಶ್ರೋತ್ರಿಗಳ ಸಂಯಮ ಗೆಲ್ಲಬೇಕಾದರೆ ಅವಳ ಹೊಟ್ಟೆ ಸೋಲಬೇಕಿತ್ತು. ಇದನ್ನು ಮಹಾನ್ ಧರ್ಮಜಿಜ್ಞಾಸೆ ಎಂದು ಓದಿಸಿಕೊಂಡು ಬಂದವರನ್ನು ನಾನು ಕ್ಷಮಿಸಲಾರೆ.

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಇಡೀ ನಾಡು ಅವರ ಮೇಲೆ ಮುರಿದುಕೊಂಡು ಬಿತ್ತು, ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ನಾನು ಅವರಷ್ಟು ದೂರ ಹೋಗುವುದಿಲ್ಲ. ಸಾಹಿತ್ಯದಲ್ಲಿ ಕಾಳಿದೆ. ಅದನ್ನು ತೂರಿದ ರೀತಿಯಲ್ಲಿ ಮೋಸವಿದೆ. 'ಚೋಮನ ದುಡಿ'ಯನ್ನೇ ತೆಗೆದುಕೊಳ್ಳಿ.

ಶಿವರಾಮ ಕಾರಂತರು ಅದನ್ನು ಬರೆದದ್ದು 1933ರಲ್ಲಿ. ಶಾಲೆಯಿಂದ ವಿಶ್ವವಿದ್ಯಾಲಯದ ತನಕ ಆ ಪುಸ್ತಕ ಪಾಠವಾಗಿದೆ, ಬಿ.ವಿ. ಕಾರಂತರ ಸಿನಿಮಾಕ್ಕೆ ಸ್ವರ್ಣಕಮಲ ಬಂದಿದೆ. ಪಾಠ ಮಾಡುವಾಗ ಹೇಳುವುದು ಒಂದೇ ಮಾತು: ಚೋಮನ ಬಡತನ, ಚೋಮನ ಗೋಳು, ಚೋಮನ ದುರಂತ. ಚೋಮನ ಆಯ್ಕೆ ಎಂದು ಯಾರಾದರೂ ಪಾಠ ಮಾಡಿದ್ದನ್ನು ನಾನು ಕೇಳಿಲ್ಲ. ಅವನ ಎದುರಿಗಿದ್ದದ್ದು ಏನು ಗೊತ್ತೇ? ಹೊಲೆಯನಾಗಿ ಉಳಿದರೆ ಉಳುವ ಭೂಮಿಯಿಲ್ಲ, ಒಡೆಯ ಸಂಕಪ್ಪಯ್ಯ ಕೊಡಲಾರ. ಕ್ರೈಸ್ತನಾದರೆ ಭೂಮಿ ಸಿಗಬಹುದು, ಆದರೆ ಪಂಜುರ್ಲಿ ಭೂತವನ್ನು ಬಿಡಬೇಕು. ಜೀವಮಾನವೆಲ್ಲ ಒಂದು ಜೊತೆ ಎತ್ತು ಕಟ್ಟಿಕೊಂಡು ಉಳುವ ಕನಸು ಕಂಡವನು ಮತ ಬದಲಾಯಿಸುವುದೆಂದು ಹೊರಟೂ ಹೊರಟ. ದಾರಿಯಲ್ಲಿ ಭೂತದ ಎದುರು ಕಾಲು ನಿಂತಿತು, ಹಿಂದಿರುಗಿದ. ಅವನು ತಿರುಗಿ ಬಂದದ್ದು ಸರಿಯೋ ತಪ್ಪೋ ಎಂದು ನಾವು ಜಗಳವಾಡಬಹುದು. ತಪ್ಪು ಎಂದೇ ನಾನು ಹೇಳುತ್ತೇನೆ, ಅವನನ್ನು ಮುಟ್ಟದ ಲೋಕದ ಜೊತೆಗೇ ಕಟ್ಟಿಹಾಕಿದ್ದು ಆ ನಂಬಿಕೆ. ಆದರೆ ಜಗಳವಾಡುವಷ್ಟು ಮರ್ಯಾದೆಯನ್ನಾದರೂ ಅವನಿಗೆ ಕೊಡಿ. ಕನಿಕರ ಪಟ್ಟು ಕಣ್ಣೊರೆಸಿಕೊಂಡು ಮುಂದಿನ ಪಾಠಕ್ಕೆ ಹೋಗುವುದು ಮರ್ಯಾದೆಯಲ್ಲ.

ಅವನ ಮಗಳು ಬೆಳ್ಳಿಯದ್ದು ಇನ್ನೂ ದೊಡ್ಡದು. ಅಣ್ಣ ಚನಿಯ ಕಾಫಿ ತೋಟದ ಸಾಲಕ್ಕೆ ದುಡಿದು ಜ್ವರದಲ್ಲಿ ಸತ್ತ. ಇನ್ನೊಬ್ಬ ಅಣ್ಣ ಗುರುವ ಕ್ರೈಸ್ತರ ಹುಡುಗಿಯನ್ನು ಕಟ್ಟಿಕೊಂಡು ದೂರವಾದ. ಸಾಲ ಹಾಗೆಯೇ ನಿಂತಿತ್ತು. ಬೆಳ್ಳಿ ಅದೇ ತೋಟಕ್ಕೆ ಹೋದಳು, ರೈಟರ್ ಮನ್ವೇಲನ ಕೈಗೆ ಸಿಕ್ಕಳು, ಅಪ್ಪನ ಸಾಲ ಚುಕ್ತಾ ಆಯಿತು. ಈ ಹುಡುಗಿಯ ಬಗ್ಗೆ ಶೀಲ ಎಂಬ ಪದ ಬಳಸಿ ಬರೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಯಾರ ಲೆಕ್ಕದ ಪುಸ್ತಕದಲ್ಲಿ ಆ ಸಾಲ ಬೆಳೆಯಿತೋ ಅವನ ಶೀಲದ ಬಗ್ಗೆ ಒಂದು ಪ್ರಬಂಧವನ್ನೂ ಓದಿಲ್ಲ.

ಇನ್ನು ನೀಲ. ಚೋಮನ ಕೊನೆಯ ಮಗ. ಹುಡುಗ ನೀರಿನಲ್ಲಿ ಮುಳುಗುತ್ತಿದ್ದಾನೆ. ಇಳಿದು ಎಳೆದು ಹಾಕಬಲ್ಲ ಮೇಲುಜಾತಿಯವರು ದಡದಲ್ಲಿದ್ದಾರೆ. ಮುಟ್ಟಿದರೆ ಮೈಲಿಗೆ. ಹುಡುಗ ಸಾಯುತ್ತಾನೆ. ಭಾರತದ ಕಾದಂಬರಿಯಲ್ಲಿ ಇದಕ್ಕಿಂತ ನಿಚ್ಚಳವಾದ ನೈತಿಕ ಆಯ್ಕೆಯ ಗಳಿಗೆ ನನಗಂತೂ ಗೊತ್ತಿಲ್ಲ. ಈಜು ಬರುವ ಒಬ್ಬ ಮನುಷ್ಯ, ಸಾಯುತ್ತಿರುವ ಒಂದು ಮಗು, ನಡುವೆ ಹತ್ತು ಮಾರು ನೀರು. ದಡದಲ್ಲಿ ನಿಂತವರ ಒಳತೋಟಿಯನ್ನು ವಿವರಿಸಿ ಎಂದು ಯಾವ ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದೀರಿ? ಅವರ ಮನಸ್ಸಾಕ್ಷಿಯ ಮೇಲೆ ಯಾವ ವಿಚಾರ ಸಂಕಿರಣ ನಡೆಯಿತು? ಕೇಳಲಿಲ್ಲ, ಯಾಕೆಂದರೆ ಪರೀಕ್ಷೆ ಬರೆಯುವವರಲ್ಲಿ, ಪ್ರಶ್ನೆ ತೆಗೆಯುವವರಲ್ಲಿ ಎಷ್ಟೋ ಜನ ಆ ದಡದ ಮೇಲೆಯೇ ಇದ್ದಾರೆ.

ಕನ್ನಡದ ಮಾತು ಮಾತ್ರವಲ್ಲ ಇದು. ಭೀಷ್ಮ ಸಾಹನಿಯವರ 'ತಮಸ್' ಹೇಗೆ ಶುರುವಾಗುತ್ತದೆ ನೆನಪಿಸಿಕೊಳ್ಳಿ. ನತ್ಥು ಎಂಬ ಚಮ್ಮಾರ, ಸತ್ತ ದನದ ಚರ್ಮ ಸುಲಿಯುವವನು. ಒಂದು ಕತ್ತಲ ಕೋಣೆ, ಹಣತೆಯ ಬೆಳಕು, ಒಳಗೆ ಕೊಬ್ಬಿದ ಹಂದಿ. ಮುರಾದ್ ಅಲಿ ಐದು ರೂಪಾಯಿ ಕೈಗಿಟ್ಟು ಹೋಗಿದ್ದಾನೆ, ದನದ ಡಾಕ್ಟರಿಗೆ ಬೇಕು, ಕೊಂದು ಕೊಡು ಎಂದು. ಹಂದಿ ಕೊಂದು ಗೊತ್ತಿಲ್ಲದ ನತ್ಥು ಇಡೀ ರಾತ್ರಿ ಆ ಪ್ರಾಣಿಯ ಜೊತೆ ಹೆಣಗುತ್ತಾನೆ. ಬೆಳಿಗ್ಗೆ ಮಸೀದಿಯ ಮೆಟ್ಟಿಲ ಮೇಲೆ ಹಂದಿಯ ಹೆಣ ಬಿದ್ದಿರುತ್ತದೆ, ಊರು ಹೊತ್ತಿ ಉರಿಯುತ್ತದೆ. 1947ರ ರಾವಲ್ಪಿಂಡಿಯ ಗಲಭೆಯನ್ನು ಕಣ್ಣಾರೆ ಕಂಡ ಸಾಹನಿ 1974ರಲ್ಲಿ ಈ ಕಾದಂಬರಿ ತಂದರು.

ಆ ಊರಿನಲ್ಲಿ ಇಂಗ್ಲಿಷ್ ಕಲೆಕ್ಟರ್ ಇದ್ದಾನೆ, ಗಲಭೆ ತಡೆಯಬಲ್ಲ ಅಧಿಕಾರ ಇದ್ದವನು, ತಡೆಯುವುದಿಲ್ಲ. ಕಾಂಗ್ರೆಸ್ಸಿನವರಿದ್ದಾರೆ, ಲೀಗಿನವರಿದ್ದಾರೆ, ಹುಡುಗರಿಗೆ ಕೋಳಿ ಕುತ್ತಿಗೆ ಕೊಯ್ಯಿಸಿ ಕೈ ಗಟ್ಟಿ ಮಾಡಿಸುವ ಗುರುಗಳಿದ್ದಾರೆ. ಇವರಲ್ಲಿ ಯಾರಿಗೂ ನಿದ್ದೆ ಕೆಡುವುದಿಲ್ಲ. ನಾನೇ ಮಾಡಿದೆ, ನನ್ನಿಂದಲೇ ಆಯಿತು ಎಂದು ಬೀದಿಯಲ್ಲಿ ಹುಚ್ಚನಂತೆ ತಿರುಗುವವನು, ಹೆಂಡತಿಯ ಎದುರು ಬಾಯಿ ಬಿಡಲೋ ಬೇಡವೋ ಎಂದು ಒದ್ದಾಡುವವನು ನತ್ಥು. ಮೋಸ ಹೋದವನು ಅವನು, ಪಾಪವನ್ನೂ ಅವನೇ ಹೊತ್ತ. ಕೊನೆಗೆ ಶಾಂತಿ ಮೆರವಣಿಗೆಯ ಬಸ್ಸು ಹೊರಟಾಗ ಅದರಲ್ಲಿ ಕೂತು ಮೈಕಿನಲ್ಲಿ ಏಕತೆಯ ಘೋಷಣೆ ಕೂಗುವವನು ಅದೇ ಮುರಾದ್ ಅಲಿ. ಅಷ್ಟು ಹೊತ್ತಿಗೆ ನತ್ಥು ಸತ್ತಿರುತ್ತಾನೆ. ಇವತ್ತಿಗೂ ಗಲಭೆಯಾದ ಊರಿನ ಶಾಂತಿ ಸಭೆಗಳ ಮೊದಲ ಸಾಲಿನ ಕುರ್ಚಿಗಳನ್ನು ನೋಡಿದಾಗಲೆಲ್ಲ ನನಗೆ ಆ ಬಸ್ಸು ಕಣ್ಣಿಗೆ ಕಟ್ಟುತ್ತದೆ. ಜೈಲಿನಲ್ಲಿರುವವರು ನತ್ಥುವಿನ ಮಕ್ಕಳು.

ಪ್ರೇಮಚಂದರ 'ಗೋದಾನ'ದ ಧನಿಯಾ ನನಗೆ ಇನ್ನೂ ಹತ್ತಿರದವಳು. 1936ರ ಕಾದಂಬರಿ. ಮೈದುನ ಹೀರಾ ಹೊಟ್ಟೆಕಿಚ್ಚಿನಿಂದ ಹಸುವಿಗೆ ವಿಷ ಹಾಕಿದ. ಗಂಡ ಹೋರಿ ತಮ್ಮನನ್ನು ಉಳಿಸಲು ಮಗನ ತಲೆ ಮೇಲೆ ಕೈಯಿಟ್ಟು ಸುಳ್ಳು ಆಣೆ ಮಾಡಿದ. ದರೋಗಾ ಬಂದ, ಹೀರಾನ ಮನೆ ಶೋಧಿಸುತ್ತೇನೆ ಎಂದು ಹೆದರಿಸಿದ. ಊರಿನ ಹಿರಿಯರು ಲಂಚಕ್ಕೆ ಸಾಲ ಹೊಂದಿಸಿ ಕೊಟ್ಟರು, ತಮ್ಮ ಪಾಲು ಮೊದಲೇ ಎಣಿಸಿಕೊಂಡು. ಹೋರಿ ದುಡ್ಡನ್ನು ಅಂಗವಸ್ತ್ರದ ಗಂಟಿನಲ್ಲಿ ಕಟ್ಟಿ ಒಯ್ಯುವಾಗ ಧನಿಯಾ ಎದುರಿಗೆ ಬಂದು ಕಿತ್ತೆಳೆದಳು, ದುಡ್ಡು ನೆಲದ ತುಂಬ ಚೆಲ್ಲಿತು. ಮನೆಯಲ್ಲಿ ಮಕ್ಕಳು ಕಾಳಿಗೆ ಬಾಯಿ ಬಿಡುವಾಗ ಈ ಮಾನ ಯಾರಿಗೆ ಬೇಕು ಎಂದು ದರೋಗಾನ ಮುಖಕ್ಕೇ ಗುಡುಗಿದಳು. ಊರಿನ ಗಂಡಸರು ತಲೆ ತಗ್ಗಿಸಿದರು.

ಅದೇ ಧನಿಯಾ, ಮಗ ಗೋಬರ್ ಬಸಿರು ಮಾಡಿ ಓಡಿಹೋದ ವಿಧವೆ ಝುನಿಯಾ ರಾತ್ರಿ ಬಾಗಿಲಿಗೆ ಬಂದಾಗ ಒಳಗೆ ಕರೆದುಕೊಂಡಳು. ಪಂಚಾಯ್ತಿ ನೂರು ರೂಪಾಯಿ ದಂಡ, ಮೂವತ್ತು ಮಣ ಧಾನ್ಯ ಹಾಕಿತು. ಹೋರಿ ತನ್ನ ಕಣದ ಧಾನ್ಯವನ್ನು ತಾನೇ ತಲೆ ಮೇಲೆ ಹೊತ್ತು ಅವರ ಮನೆಗೆ ಸುರಿದ. ಆ ಹುಡುಗಿಯನ್ನು ಹೊರಗೆ ಹಾಕಿದ್ದರೆ ದಂಡವಿಲ್ಲ, ಧಾನ್ಯ ಮನೆಯಲ್ಲೇ ಉಳಿಯುತ್ತಿತ್ತು. ಗೊತ್ತಿದ್ದೂ ಹಾಕಲಿಲ್ಲ. ಇದು ಮುಗ್ಧತೆಯೇ? ಇದಕ್ಕಿಂತ ಎಚ್ಚರದ ಬುದ್ಧಿ ಇನ್ನೇನಿದೆ? ಮುಂದೆ ಅದೇ ಗಂಡ ಹೆಂಡತಿ, ಭೂಮಿ ಹರಾಜಾಗುವುದನ್ನು ತಪ್ಪಿಸಲು ಇನ್ನೂರು ರೂಪಾಯಿ ತೆಗೆದುಕೊಂಡು ಚಿಕ್ಕ ಮಗಳು ರೂಪಾಳನ್ನು ಹೋರಿಯ ವಯಸ್ಸಿನವನೊಬ್ಬನಿಗೆ ಮದುವೆ ಮಾಡಿಕೊಟ್ಟರು. ಆ ದುಡ್ಡನ್ನು ಮುಟ್ಟುವಾಗ ಹೋರಿಯ ಕೈ ನಡುಗಿತು. ಒಂದೇ ಮನೆಯಲ್ಲಿ ಎರಡೂ ನಡೆದವು. ಬಡವರನ್ನು ದೇವರು ಮಾಡಿ ಪೂಜಿಸುವ ಪ್ರಗತಿಶೀಲರಿಗೂ ಈ ಎರಡನೆಯದು ಬೇಡ. ಅವರೂ ಹೋರಿಯನ್ನು ಮನುಷ್ಯ ಎಂದು ಒಪ್ಪಿಲ್ಲ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಗೆ ಒಂದು ರಾತ್ರಿ ಸಾಹುಕಾರನ ಕಡ್ಲೆಕಾಯಿ ಮೂಟೆ ಬರುತ್ತದೆ, ಕದ್ದದ್ದು. ಮನೆಮಂದಿಯೆಲ್ಲ ಸುತ್ತ ಕೂತು ಬೆಳಗಾಗುವ ತನಕ ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಹಾಕುತ್ತಾರೆ. ಬೆಳಿಗ್ಗೆ ಪೊಲೀಸರು. ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನು ಹುಡುಕಿಕೊಡುವವರು ಯಾರೂ ಇಲ್ಲ. ಸಾಹುಕಾರನ ಕಾಯಿಗೆ ಮಾತ್ರ ಸರ್ಕಾರ ಬರುತ್ತದೆ. ಈ ಭಾಗ ಓದಿ ನಕ್ಕವರನ್ನು ನಾನು ನೋಡಿದ್ದೇನೆ, ಹಳ್ಳಿಯ ಹಾಸ್ಯ ಎಂದು. ನನಗೆ ನಗು ಬರಲಿಲ್ಲ, ನಮ್ಮವ್ವ ನೆನಪಾದಳು.

ಒಕ್ಕಣೆ ಮುಗಿದ ಮೇಲೆ ಕಣ ಗುಡಿಸಿದ ರಾಗಿ ಕೂಲಿಯವರಿಗೆ ಎಂಬುದು ನಮ್ಮ ಕಡೆ ಇದ್ದ ವಾಡಿಕೆ. ಒಂದು ವರ್ಷ ಒಡೆಯ ಅದನ್ನೂ ಕೊಡುವುದಿಲ್ಲ ಎಂದ. ಅವ್ವ ಮಡಿಲಲ್ಲಿ ಎರಡು ಬೊಗಸೆ ಕಟ್ಟಿಕೊಂಡು ಬಂದಳು. ಮನೆಗೆ ಬಂದವಳು ಮಡಿಲು ಬಿಚ್ಚಲಿಲ್ಲ, ಒಲೆ ಹಚ್ಚಲಿಲ್ಲ, ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತೇ ಇದ್ದಳು. ನಾವು ಹಸಿದು ಅತ್ತರೂ ಏಳಲಿಲ್ಲ. ಕತ್ತಲಾದ ಮೇಲೆ ಎದ್ದು ರಾಗಿ ಬೀಸಿದಳು, ಅಂಬಲಿ ಕಾಯಿಸಿದಳು, ಮೊದಲ ಬಟ್ಟಲನ್ನು ಪಕ್ಕದ ಗುಡಿಸಲಿನ ಬಾಣಂತಿಗೆ ಕಳಿಸಿದಳು. ಆಮೇಲೆ ನಮಗೆ. ಅಷ್ಟು ಹೊತ್ತು ಆ ಗೋಡೆಯ ಹತ್ತಿರ ಕೂತು ಅವಳು ಮಾಡಿದ್ದೇನು? ಹಸಿವು ಒಂದೇ ಆಗಿದ್ದರೆ ಬಂದ ಕೂಡಲೇ ಬೀಸುತ್ತಿದ್ದಳು. ಅವಳು ತನ್ನನ್ನು ವಿಚಾರಣೆಗೆ ನಿಲ್ಲಿಸಿಕೊಂಡಿದ್ದಳು. ವಾಡಿಕೆ ಮುರಿದ ಒಡೆಯ ಆ ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದ. ಅಕ್ಷರ ಬಾರದ ಹೆಂಗಸಿನ ಆ ವಿಚಾರಣೆಗೆ ಯಾವ ಉಪನಿಷತ್ತಿಗೂ ಕಡಿಮೆಯಿಲ್ಲದ ತೂಕವಿದೆ ಎಂದು ನಾನು ಯಾರೆದುರಿಗೆ ಬೇಕಾದರೂ ಹೇಳುತ್ತೇನೆ.

ಕುವೆಂಪು ಅವರಿಗೆ ಇದು ಗೊತ್ತಿತ್ತು. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ನಾಯಿಗುತ್ತಿ ಸಿಂಬಾವಿಯ ಒಡೆಯನ ಹೊಲೆಯ, ತಿಮ್ಮಿ ಬೆಟ್ಟಳ್ಳಿಯ ಕೇರಿಯವಳು. ಅವರ ಮದುವೆ ಎಂದರೆ ಒಬ್ಬ ಗೌಡನ ಆಳು ಇನ್ನೊಬ್ಬನ ಕೈಗೆ ಹೋಗುವುದು. ಒಲಿದವಳನ್ನು ಕರೆದುಕೊಂಡು ಹೋಗುವುದೇ ಅಲ್ಲಿ ಕಳ್ಳತನ. ಗುತ್ತಿ ಕರೆದುಕೊಂಡು ಹೋದ, ಉಕ್ಕಿ ಹರಿಯುವ ತುಂಗೆಯಲ್ಲಿ ತನ್ನ ನಾಯಿ ಹುಲಿಯನನ್ನು ಕಳೆದುಕೊಂಡ. ಸಾರಾ ಅಬೂಬಕ್ಕರ್ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬರೆದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳಿಗೆ ಅಷ್ಟು ದಾರಿಯೂ ಇರಲಿಲ್ಲ. ಅಪ್ಪನ ಹಠಕ್ಕೆ ತಲಾಖ್ ಆಯಿತು. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನ ಜೊತೆ ಒಂದು ರಾತ್ರಿ. ಗಂಡಸರು ಕೂತು ನಿಯಮ ಹೇಳಿದರು, ಅವಳ ಮೈ ಅದನ್ನು ಪಾಲಿಸಬೇಕಿತ್ತು. ಅವಳು ಮಸೀದಿಯ ಕೊಳಕ್ಕೆ ಇಳಿದಳು.

ತಮಿಳಿನ ಪೊನ್ನಾಳ ಕಥೆಗೆ ಬರೋಣ. ಪೆರುಮಾಳ್ ಮುರುಗನ್ ಅವರ 'ಮಾದೊರುಬಾಗನ್', 2010. ಕಾಳಿ, ಪೊನ್ನಾ, ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿಲ್ಲದ ರೈತ ದಂಪತಿ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ಊರಿಗೆ ಅಷ್ಟು ಸಾಲದು. ಬಿತ್ತನೆಗೆ ಅವಳು ಕೈ ಹಾಕಬಾರದು, ಶುಭಕಾರ್ಯಕ್ಕೆ ಬರಬಾರದು. ತಿರುಚೆಂಗೋಡಿನ ಅರ್ಧನಾರೀಶ್ವರನ ತೇರಿನ ಹಬ್ಬದ ಒಂದು ರಾತ್ರಿ, ಮಕ್ಕಳಿಲ್ಲದ ಹೆಂಗಸು ಅಪರಿಚಿತನನ್ನು ಕೂಡಿದರೆ ಅವನು ದೇವರೆಂದೇ ಲೆಕ್ಕ ಎಂಬುದು ಕಾದಂಬರಿಯೊಳಗಿನ ವಾಡಿಕೆ. ಗಂಡ ಒಪ್ಪಿದ್ದಾನೆ ಎಂದು ಸುಳ್ಳು ಹೇಳಿ ತವರಿನವರು ಅವಳನ್ನು ಕರೆದೊಯ್ಯುತ್ತಾರೆ. ಆ ಜಂಗುಳಿಯಲ್ಲಿ ಅವಳು ಹತ್ತಿರ ಬಂದ ಒಬ್ಬನನ್ನು ಬೇಡವೆನ್ನುತ್ತಾಳೆ, ಇನ್ನೊಬ್ಬನನ್ನು ಒಪ್ಪುತ್ತಾಳೆ. ಬಂಜೆ ಎಂದು ಹನ್ನೆರಡು ವರ್ಷ ಬೈಸಿಕೊಂಡವಳು ಜೀವನದಲ್ಲಿ ಮೊದಲ ಬಾರಿಗೆ ತಾನೇ ಆರಿಸಿಕೊಂಡಳು.

ನಾಲ್ಕು ವರ್ಷ ತೆಪ್ಪಗಿದ್ದ ಊರು 2014ರ ಡಿಸೆಂಬರಿನಲ್ಲಿ ಪುಸ್ತಕ ಸುಟ್ಟಿತು. ಜಾತಿ ಸಂಘಗಳು, ಹಿಂದುತ್ವದ ಗುಂಪುಗಳು ಬೀದಿಗೆ ಇಳಿದವು, ತಿರುಚೆಂಗೋಡು ಬಂದ್ ಆಯಿತು. ನಾಮಕ್ಕಲ್‌ನ ಅಧಿಕಾರಿಗಳು ಶಾಂತಿ ಮಾತುಕತೆಗೆಂದು ಲೇಖಕನನ್ನು ಕರೆಸಿ ಬೇಷರತ್ ಕ್ಷಮಾಪಣೆ ಬರೆಸಿಕೊಂಡರು. 2015ರ ಜನವರಿಯಲ್ಲಿ, ಲೇಖಕ ಪೆರುಮಾಳ್ ಮುರುಗನ್ ಸತ್ತ ಎಂದು ಅವರೇ ಪ್ರಕಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಧಾರವಾಡದಲ್ಲಿ ನಮ್ಮ ಸಂಶೋಧಕ ಕಲಬುರ್ಗಿಯವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಚಂದ್ರಿಯನ್ನು ಪ್ರಕೃತಿ ಎಂದು ಬರೆದ ವಿಮರ್ಶಕನೂ ಪೊನ್ನಾಳ ಪುಸ್ತಕಕ್ಕೆ ಬೆಂಕಿ ಹಚ್ಚಿದವನೂ ಬೇರೆ ಬೇರೆ ಜನ ಎಂದು ಒಪ್ಪುತ್ತೇನೆ. ಒಬ್ಬನ ಕೈಯಲ್ಲಿ ಲೇಖನಿ, ಇನ್ನೊಬ್ಬನ ಕೈಯಲ್ಲಿ ಬೆಂಕಿಪೊಟ್ಟಣ. ಆದರೆ ಇಬ್ಬರಿಗೂ ತಡೆಯಲಾಗದ ಸಂಗತಿ ಒಂದೇ. ಇಂಥ ಹೆಂಗಸರು ತಾವೇ ಯೋಚಿಸಿ ತೀರ್ಮಾನ ಮಾಡುತ್ತಾರೆ ಎಂಬುದು. ಒಬ್ಬ ಅದನ್ನು ಕಾಣದಂತೆ ಓದಿದ, ಇನ್ನೊಬ್ಬ ಯಾರೂ ಓದದಂತೆ ಸುಟ್ಟ. ಮೊದಲನೆಯವನು ದಶಕಗಳ ಕಾಲ ಪಾಠ ಮಾಡಿದ್ದರಿಂದಲೇ ಎರಡನೆಯವನಿಗೆ ಅಷ್ಟು ಧೈರ್ಯ ಬಂತು.

2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಮುರುಗನ್ ಪರವಾಗಿ ತೀರ್ಪು ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತೀರ್ಪಿನ ನಂತರ ಅವರು ಬರೆದ ಕಾದಂಬರಿ 'ಪೂನಾಚ್ಚಿ', ಒಂದು ಕಪ್ಪು ಮೇಕೆಮರಿಯ ಕಥೆ. ಮನುಷ್ಯರ ಬಗ್ಗೆ ಬರೆಯಲು ಭಯ, ದೇವರ ಬಗ್ಗೆ ಬರೆಯಲು ಇನ್ನೂ ಭಯ ಎಂದು ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಹೊಲಗದ್ದೆಯ ಗಂಡು ಹೆಣ್ಣಿನ ಮನಸ್ಸನ್ನು ಅಷ್ಟು ಹತ್ತಿರದಿಂದ ಬಲ್ಲ ಲೇಖಕನನ್ನು ಮೇಕೆಯ ಹಿಂದೆ ಅಡಗಿಕೊಳ್ಳುವಂತೆ ಮಾಡಿದವರು ಕೋರ್ಟಿನಲ್ಲಿ ಸೋತರು ಎಂದು ನಾವು ಸಮಾಧಾನ ಪಟ್ಟುಕೊಂಡೆವು. ಅವರು ಸೋಲಲಿಲ್ಲ. ತಿರುಚೆಂಗೋಡಿನಲ್ಲಿ ಪುಸ್ತಕ ಸುಟ್ಟವರು ಯಾರೂ ಮನುಷ್ಯರ ಬಗ್ಗೆ ಮಾತಾಡಲು ಹೆದರಿಕೊಂಡು ಓಡಾಡುತ್ತಿಲ್ಲ.